ಜೇಡರ ಬಲೆಯಲ್ಲಿ ಸಿಕ್ಕಿಕೊಂಡ ನೇಕಾರ

ಹುಲಿಯ ಗವಿ, ಇಲಿಯ ಬಿಲ, ಗುಬ್ಬಿಯ ಗೂಡು, ಇರುವೆಯ ಸಾಲು. ಕನ್ನಡದಲ್ಲಿ ಪ್ರಾಣಿ, ಪಕ್ಷಿ, ಹುಳುಹುಪ್ಪಟೆಗಳ ಆಸ್ತಿಪಾಸ್ತಿಯನ್ನು ಹೇಳುವ ರೀತಿ ಇದು. ಆದರೆ ಮನೆಯ ಮೂಲೆಯಲ್ಲಿ ತೂಗಾಡುವ ಆ ನೂಲಿನ ಜಾಲಕ್ಕೆ ಬಂದಾಗ ಮಾತ್ರ ಕನ್ನಡಿಗರ ನಾಲಿಗೆ ದಾರಿ ಬದಲಿಸುತ್ತದೆ. ‘ಮರ’ ಎಂಬುದಕ್ಕೆ ‘ಮರದ’ ಎನ್ನುವಂತೆ ‘ಜೇಡ’ ಎಂಬುದಕ್ಕೆ ‘ಜೇಡದ ಬಲೆ’ ಎನ್ನಬೇಕಿತ್ತು. ಜನ ಹೇಳುವುದು ‘ಜೇಡರ ಬಲೆ’. ಹುಳುವಿಗೂ ಅಷ್ಟೆ, ‘ಜೇಡರ ಹುಳು’. ಒಂದೇ ಒಂದು ಹುಳು ಕಟ್ಟಿದ ಬಲೆಗೆ ಬಹುವಚನ ಏಕೆ? ಅದೂ ಮನುಷ್ಯರಿಗೆ ಮಾತ್ರ ಸಲ್ಲುವ ‘ಅರು’ ಪ್ರತ್ಯಯದ ಬಹುವಚನ?

ಇದೇ ರೂಪದ ಬೇರೆ ಮಾತುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರದ ಸುಳಿವು ಸಿಗುತ್ತದೆ. ಅಂಬಿಗರ ಚೌಡಯ್ಯ, ಮಾದರ ಚೆನ್ನಯ್ಯ, ಡೋಹರ ಕಕ್ಕಯ್ಯ, ಬೇಡರ ಕಣ್ಣಪ್ಪ. ಇಲ್ಲೆಲ್ಲ ‘ಅರ’ ಎಂಬುದು ಒಂದು ಕಸುಬಿನ ಜನರನ್ನು ಸೂಚಿಸುತ್ತದೆ. ಅಂಬಿಗರ ಪೈಕಿಯ ಚೌಡಯ್ಯ, ಬೇಡರ ಪೈಕಿಯ ಕಣ್ಣಪ್ಪ. ಈ ಸಾಲಿನಲ್ಲಿ ಇನ್ನೊಂದು ಹೆಸರೂ ಇದೆ: ಜೇಡರ ದಾಸಿಮಯ್ಯ. ಕನ್ನಡದ ಆದ್ಯ ವಚನಕಾರನೆಂದು ಅನೇಕರು ಗುರುತಿಸುವ ಈ ಶರಣನ ಹೆಸರಿನ ಹಿಂದಿರುವ ‘ಜೇಡರು’ ಗೋಡೆಯ ಮೇಲೆ ಹರಿದಾಡುವ ಎಂಟು ಕಾಲಿನ ಜೀವಿಗಳಲ್ಲ. ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುತ್ತಿದ್ದ ಜನ. ಜೇಡ ಎಂದರೆ ನೇಕಾರ. ‘ಜೇಡರ ಬಲೆ’ ಎಂಬ ಮಾತನ್ನು ಬಿಡಿಸಿದರೆ ಸಿಗುವ ಅಕ್ಷರಾರ್ಥ ‘ನೇಕಾರರ ಬಲೆ’, ‘ಜೇಡರ ಹುಳು’ ಎಂದರೆ ‘ನೇಕಾರರ ಹುಳು’. ಕನ್ನಡದ ವ್ಯಾಕರಣ ನೂರಾರು ವರ್ಷಗಳಿಂದ ಈ ಗುಟ್ಟನ್ನು ಬಾಯಿಬಿಟ್ಟೇ ಹೇಳುತ್ತಿದೆ. ಕೇಳಿಸಿಕೊಂಡವರು ಕಡಿಮೆ.

ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಹೊರಬಂದ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಈ ಪದಕ್ಕೆ ನೇಕಾರ ಮತ್ತು ಹುಳು ಎರಡೂ ಅರ್ಥಗಳನ್ನು ಕೊಡುತ್ತದೆ. ನೂರು ವರ್ಷಗಳ ನಂತರದ ಆಡುಮಾತಿನಲ್ಲಿ ಮೊದಲನೆಯ ಅರ್ಥ ಹೆಚ್ಚುಕಡಿಮೆ ಅಳಿಸಿಹೋಗಿದೆ. ಶಾಲೆಯ ಹುಡುಗನೊಬ್ಬನಿಗೆ ‘ಜೇಡ’ ಎಂದರೆ ಹುಳು ಮಾತ್ರ. ದಾಸಿಮಯ್ಯನ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಅವನು ಬೆಚ್ಚುವುದು ಸಹಜವೇ.

ಯಾರ ಹೆಸರು ಯಾರಿಗೆ?

ಈಗ ಮುಖ್ಯ ಪ್ರಶ್ನೆ. ನೇಕಾರನ ಹೆಸರನ್ನು ಹುಳುವಿಗೆ ಇಟ್ಟರೋ, ಹುಳುವಿನ ಹೆಸರನ್ನು ನೇಕಾರನಿಗೆ ಇಟ್ಟರೋ? ಮೇಲುನೋಟಕ್ಕೆ ಇದು ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬಂಥ ಹರಟೆಯಾಗಿ ಕಾಣಬಹುದು. ಆದರೆ ಒಂದು ಸಮುದಾಯದ ಮರ್ಯಾದೆ ಇದರಲ್ಲಿ ಅಡಗಿದೆ. ಹುಳುವಿನ ಹೆಸರಿಟ್ಟು ಕರೆಸಿಕೊಂಡ ಜನ ಎನ್ನುವುದಕ್ಕೂ, ತಮ್ಮ ಕೈಕೆಲಸದಿಂದ ಒಂದು ಜೀವಿಗೆ ಹೆಸರು ಕೊಟ್ಟ ಜನ ಎನ್ನುವುದಕ್ಕೂ ಬಹಳ ಅಂತರವಿದೆ.

ಅಕ್ಕಪಕ್ಕದ ಭಾಷೆಗಳು ಇಲ್ಲಿ ಸಾಕ್ಷಿ ನುಡಿಯುತ್ತವೆ. ತಮಿಳಿನಲ್ಲಿ ಸೇಡನ್, ಮಲಯಾಳದಲ್ಲಿ ಚೇಡನ್, ತೆಲುಗಿನಲ್ಲಿ ಜೇಂಡ್ರ ಅಥವಾ ಜಾಂಡ್ರ, ಕನ್ನಡದಲ್ಲೇ ಜಾಡ ಎಂಬ ಇನ್ನೊಂದು ರೂಪ. ಇವೆಲ್ಲ ಒಂದೇ ಬೇರಿನ ಪದಗಳು, ಎಲ್ಲವೂ ಸೂಚಿಸುವುದು ನೇಯ್ಗೆಯ ಜನರನ್ನು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ದೇವಾಂಗರಿಗಿದ್ದ ಬೇರೆ ಬೇರೆ ಹೆಸರುಗಳನ್ನು ಹೇಳುವಾಗ ಜಾಡರು, ಸೇಡನ್ ಎಂಬ ಹೆಸರುಗಳೂ ಬರುತ್ತವೆ. ‘ಜಾಡ’ ಎಂದರೆ ದೊಡ್ಡವರು ಎಂಬ ಅರ್ಥವನ್ನೂ ಅಲ್ಲಿ ಕೊಡಲಾಗಿದೆ. ಆದರೆ ಈ ಭಾಷೆಗಳಲ್ಲಿ ಹುಳುವಿಗೆ ಇರುವ ಹೆಸರುಗಳೇ ಬೇರೆ. ತಮಿಳರಿಗೆ ಅದು ‘ಸಿಲಂದಿ’. ಮಲಯಾಳಿಗಳಿಗೆ ‘ಎಟ್ಟುಕಾಲಿ’, ಅಂದರೆ ಎಂಟುಕಾಲಿನದು. ತೆಲುಗರಿಗೆ ‘ಸಾಲೀಡು’. ಪದದ ಬೇರು ನಾಲ್ಕಾರು ಭಾಷೆಗಳಲ್ಲಿ ಹರಡಿದ್ದು ಎಲ್ಲ ಕಡೆ ನೇಕಾರನನ್ನೇ ಹೇಳುತ್ತಿದ್ದು, ಹುಳುವಿನ ಅರ್ಥ ಕನ್ನಡದಲ್ಲಿ ಮಾತ್ರ ಸೇರಿಕೊಂಡಿದೆಯೆಂದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಊಹಿಸುವುದು ಕಷ್ಟವಲ್ಲ. ನೇಕಾರ ಮೊದಲು ಬಂದ. ಹುಳು ಅವನಿಂದ ಹೆಸರು ಸಾಲ ಪಡೆಯಿತು.

ತೆಲುಗಿನ ‘ಸಾಲೀಡು’ ಇನ್ನೂ ಸೊಗಸಾದ ಉದಾಹರಣೆ. ಅಲ್ಲಿ ‘ಸಾಲೆ’ ಎಂದರೆ ನೇಕಾರ ಜಾತಿ. ಪದ್ಮಸಾಲಿ, ಪಟ್ಟಸಾಲಿ ಎಂಬ ಹೆಸರುಗಳಲ್ಲಿ ಇರುವುದು ಇದೇ ಪದ. ತಮಿಳಿನ ಸಾಲಿಯರು, ಹಳೆಯ ಕನ್ನಡದ ಸಾಲಿಗರು ಇದೇ ಬಳಗ. ‘ಸಾಲೀಡು’ ಎಂಬಲ್ಲಿನ ಕೊನೆಯ ‘ಡು’ ರಾಮುಡು, ದೇವುಡು ಎಂಬಲ್ಲಿ ಬರುವ ಪುಲ್ಲಿಂಗದ ‘ಡು’. ಅಂದರೆ ತೆಲುಗರು ಹುಳುವನ್ನು ‘ನೇಕಾರ ಗಂಡಸು’ ಎಂದೇ ಕರೆಯುತ್ತಾರೆ. ಸಾಲೆಪುರುಗು ಎಂದರೆ ನೇಕಾರ ಹುಳು, ಸಾಲೆಗೂಡು ಎಂದರೆ ಅದರ ಬಲೆ. ಕನ್ನಡದವರು ಜೇಡನಿಂದ ಮಾಡಿದ್ದನ್ನು ತೆಲುಗರು ಸಾಲೆಯವನಿಂದ ಮಾಡಿದರು. ಪದ ಬೇರೆ, ಕಲ್ಪನೆ ಒಂದೇ.

ಕಸುಬುದಾರರ ಹೆಸರನ್ನು ಜೀವಿಗಳಿಗೆ ಹಚ್ಚುವುದು ಕನ್ನಡಕ್ಕೆ ಹೊಸತೂ ಅಲ್ಲ. ಹಸಿಮಣ್ಣು ತಂದು ಗೋಡೆಗೆ ಪುಟ್ಟ ಗಡಿಗೆ ಮೆತ್ತುವ ಕಣಜಕ್ಕೆ ಕುಂಬಾರ ಹುಳು ಎನ್ನುತ್ತಾರೆ. ಎಲೆಯ ಅಂಚುಗಳನ್ನು ಹೊಲಿದು ಗೂಡು ಮಾಡುವ ಪುಟ್ಟ ಹಕ್ಕಿ ಸಿಂಪಿಗ. ಕಪ್ಪು-ಬಿಳುಪಿನ ಹಾಡುಹಕ್ಕಿಯೊಂದರ ಹೆಸರು ಮಡಿವಾಳ. ಹಳ್ಳಿಯ ಕಸುಬುಗಳೆಲ್ಲ ಬೇಲಿಯಾಚೆಗೂ ನಡೆಯುತ್ತಿವೆ ಎಂಬಂತೆ ಹೆಸರಿಟ್ಟಿದ್ದಾರೆ. ಹಿಂದಿಯಲ್ಲಿ ‘ಜುಲಾಹಾ’ ಎಂದರೆ ನೇಕಾರ. ಕೊಳದ ನೀರಿನ ಮೇಲೆ ಅತ್ತಿಂದಿತ್ತ ಓಡಾಡುವ ಒಂದು ಪುಟ್ಟ ಹುಳುವಿಗೂ ಅಲ್ಲಿ ಅದೇ ಹೆಸರಿದೆ. ಮಗ್ಗದಲ್ಲಿ ಲಾಳಿ ಓಡುವ ಓಟವನ್ನು ಕಂಡವರಿಗೆ ಈ ಹೋಲಿಕೆಯ ಬಗ್ಗೆ ವಿವರಣೆ ಬೇಕಿಲ್ಲ. ಕಬೀರ ತನ್ನನ್ನು ಕರೆದುಕೊಂಡದ್ದು ಇದೇ ‘ಜುಲಾಹಾ’ ಎಂಬ ಹೆಸರಿನಿಂದ.

ಮರಾಠಿಯ ದಾರಿ ಸ್ವಲ್ಪ ಬೇರೆ. ಅಲ್ಲಿ ಈ ಹುಳುವಿನ ಹೆಸರು ‘ಕೋಳಿ’. ಬೆಳಗಾವಿಯ ಕಡೆಯ ಕನ್ನಡಿಗರಿಗೆ ಇದು ನಗು ತರಿಸಬಹುದಾದರೂ ಮರಾಠಿಯ ಕೋಳಿ ಕೂಗುವ ಕೋಳಿಯಲ್ಲ, ಬಲೆ ಬೀಸುವ ಬೆಸ್ತ. ಮುಂಬಯಿಯ ಮೂಲನಿವಾಸಿ ಮೀನುಗಾರರಾದ ಕೋಳಿಗಳ ಹೆಸರೂ ಇದೇ. ಮರಾಠಿಗರು ಆ ಹುಳುವಿನಲ್ಲಿ ಕಂಡದ್ದು ನೇಯುವವನನ್ನಲ್ಲ, ಬಲೆ ಹಾಕಿ ಕಾಯುವವನನ್ನು. ಕನ್ನಡಿಗರು ಎರಡನ್ನೂ ಒಟ್ಟಿಗೆ ಕಟ್ಟಿದರು. ಹುಳುವಿಗೆ ನೇಕಾರನ ಹೆಸರು ಕೊಟ್ಟು, ಅದು ನೇಯ್ದದ್ದಕ್ಕೆ ಬಟ್ಟೆ ಎನ್ನದೆ ಬೆಸ್ತರ ‘ಬಲೆ’ ಎಂದರು.

ಊರ್ಣನಾಭಿಯ ಹೊಕ್ಕುಳು

ಸಂಸ್ಕೃತದಲ್ಲಿ ಈ ಜೀವಿಗೆ ಹೆಸರುಗಳ ಕೊರತೆಯಿಲ್ಲ. ಲೂತಾ, ತಂತುವಾಯ, ಊರ್ಣನಾಭ, ಮರ್ಕಟಕ ಎಂಬ ನಾಲ್ಕನ್ನು ಅಮರಕೋಶವೇ ಕೊಡುತ್ತದೆ. ಹಿಂದಿಯ ‘ಮಕಡೀ’ ಬಂದದ್ದು ಕೊನೆಯದರಿಂದ. ತಂತುವಾಯ ಎಂದರೆ ನೂಲು ನೇಯುವವನು. ಅಮರಸಿಂಹ ಇದೇ ಪದವನ್ನು ಕಸುಬುದಾರರ ವರ್ಗದಲ್ಲಿ ಮನುಷ್ಯ ನೇಕಾರನಿಗೂ ಕೊಟ್ಟಿದ್ದಾನೆ. ಜೇಡ ಪದದ ಎರಡು ಮುಖಗಳು ಸಂಸ್ಕೃತದ ತಂತುವಾಯದಲ್ಲೂ ಹಾಗೆಯೇ ಇವೆ.

ಹೆಚ್ಚು ಸ್ವಾರಸ್ಯವಿರುವುದು ಊರ್ಣನಾಭಿಯಲ್ಲಿ. ಊರ್ಣ ಎಂದರೆ ಉಣ್ಣೆ, ನಾಭಿ ಎಂದರೆ ಹೊಕ್ಕುಳು. ಹೊಕ್ಕುಳಿನಿಂದ ಉಣ್ಣೆ ತೆಗೆಯುವ ಜೀವಿ ಎಂದು ಅರ್ಥ ಹೇಳುವುದು ವಾಡಿಕೆ. ಮುಂಡಕೋಪನಿಷತ್ತು ಜಗತ್ತು ಅಕ್ಷರಬ್ರಹ್ಮದಿಂದ ಹುಟ್ಟುವ ಬಗೆಯನ್ನು ಹೇಳುವಾಗ, ಊರ್ಣನಾಭಿ ತನ್ನೊಳಗಿನಿಂದಲೇ ನೂಲನ್ನು ಹೊರಬಿಟ್ಟು ಮತ್ತೆ ಒಳಗೆಳೆದುಕೊಳ್ಳುವ ದೃಷ್ಟಾಂತವನ್ನು ಕೊಡುತ್ತದೆ. ಬೃಹದಾರಣ್ಯಕದಲ್ಲೂ ನೂಲಿನ ಮೇಲೆ ಸಾಗುವ ಈ ಜೀವಿಯ ಹೋಲಿಕೆ ಇದೆ. ವೇದಾಂತದ ಗ್ರಂಥಗಳಲ್ಲಿ ಈ ಉಪಮೆ ಮತ್ತೆ ಮತ್ತೆ ಬರುತ್ತದೆ. ಮಡಕೆ ಮಾಡಲು ಕುಂಬಾರನಿಗೆ ಹೊರಗಿನಿಂದ ಮಣ್ಣು ಬೇಕು, ಆದರೆ ಈ ಹುಳುವಿಗೆ ಹೊರಗಿನ ಸಾಮಗ್ರಿ ಬೇಡ ಎಂಬುದೇ ಅದರ ತಿರುಳು.

ಆದರೆ ಭಾಷಾಶಾಸ್ತ್ರಜ್ಞರು ಈ ‘ಹೊಕ್ಕುಳ’ನ್ನು ಅಷ್ಟು ಸುಲಭವಾಗಿ ಒಪ್ಪಿಲ್ಲ. ವೈದಿಕ ವಾಙ್ಮಯದಲ್ಲಿ ಇದೇ ಜೀವಿಗೆ ‘ಊರ್ಣವಾಭಿ’ ಎಂಬ ರೂಪವೂ ಸಿಗುತ್ತದೆ. ಋಗ್ವೇದದಲ್ಲಿ ಇಂದ್ರ ಕೊಂದ ವೈರಿಗಳಲ್ಲಿ ‘ಔರ್ಣವಾಭ’ ಎಂಬವನೊಬ್ಬನಿದ್ದಾನೆ. ನಿರುಕ್ತವನ್ನು ಬರೆದ ಯಾಸ್ಕ ತನಗಿಂತ ಹಿಂದಿನ ಔರ್ಣವಾಭ ಎಂಬ ಆಚಾರ್ಯನ ಅಭಿಪ್ರಾಯಗಳನ್ನು ಹೇಳುತ್ತಾನೆ. ‘ವಾಭಿ’ ಎಂಬುದು ನೇಯುವುದು ಎಂಬ ಅರ್ಥದ ಬಹಳ ಪುರಾತನ ಧಾತುವಿನಿಂದ ಬಂದದ್ದು. ಇಂಗ್ಲಿಷಿನಲ್ಲಿ ನೇಯ್ಗೆಗೆ ಇರುವ ‘ವೀವ್’, ಬಲೆಗೆ ಇರುವ ‘ವೆಬ್’ ಎರಡೂ ಇದೇ ಧಾತುವಿನ ಮಕ್ಕಳು. ಆ ಧಾತು ಸಂಸ್ಕೃತದಲ್ಲಿ ಬಳಕೆ ತಪ್ಪಿತು. ‘ವಾಭಿ’ ಏನೆಂದು ತಿಳಿಯದಾದಾಗ ಜನ ಅದನ್ನು ತಮಗೆ ಗೊತ್ತಿದ್ದ ‘ನಾಭಿ’ ಎಂದು ತಿದ್ದಿಕೊಂಡರು. ಹೀಗೆ ‘ಉಣ್ಣೆ ನೇಯುವವ’ ‘ಉಣ್ಣೆ ಹೊಕ್ಕುಳಿನವ’ ಆಯಿತು. ಅರ್ಥ ಮರೆತ ಪದಕ್ಕೆ ಜನ ಹೊಸ ಅರ್ಥ ಕಟ್ಟಿಕೊಡುವುದು ಎಲ್ಲ ಭಾಷೆಗಳಲ್ಲೂ ನಡೆಯುತ್ತದೆ. ಇಲ್ಲಿ ನಡೆದಿರುವುದು ವೇದದ ಭಾಷೆಯಲ್ಲೇ ಎಂಬುದು ವಿಶೇಷ.

ವಾಸ್ತವದಲ್ಲಿ ನೂಲು ಹೊಕ್ಕುಳಿನಿಂದ ಬರುವುದಿಲ್ಲ. ಹೊಟ್ಟೆಯ ಹಿಂತುದಿಯಲ್ಲಿ ಸಾಮಾನ್ಯವಾಗಿ ಆರು ಪುಟ್ಟ ಮೊಲೆತೊಟ್ಟಿನಂಥ ಅಂಗಗಳಿರುತ್ತವೆ. ಒಳಗಿನ ಗ್ರಂಥಿಗಳಲ್ಲಿ ದ್ರವವಾಗಿರುವ ಪ್ರೋಟೀನು ಅಲ್ಲಿಂದ ಎಳೆಯಲ್ಪಡುತ್ತಿದ್ದಂತೆ ಗಟ್ಟಿಯಾಗಿ ನೂಲಾಗುತ್ತದೆ. ಉಪನಿಷತ್ಕಾರನ ಕಣ್ಣು ಮಾತ್ರ ಚುರುಕು. ಚಕ್ರಾಕಾರದ ಬಲೆ ಕಟ್ಟುವ ಎಷ್ಟೋ ಜಾತಿಗಳು ಹಳೆಯ ಬಲೆಯನ್ನು ತಾವೇ ತಿಂದು, ಅದೇ ಸಾಮಗ್ರಿಯಿಂದ ಹೊಸದನ್ನು ಹೆಣೆಯುತ್ತವೆ. ಹೊರಬಿಟ್ಟದ್ದನ್ನು ಒಳಗೆಳೆದುಕೊಳ್ಳುವುದು ಬರಿಯ ಕವಿಕಲ್ಪನೆಯಲ್ಲ.

ಆ ಬಲೆಯನ್ನು ಹತ್ತಿರದಿಂದ ನೋಡಿದರೆ ನೇಕಾರನ ಹೆಸರು ಎಷ್ಟು ಹೊಂದುತ್ತದೆಂಬುದು ತಿಳಿಯುತ್ತದೆ. ಮೊದಲು ನಡುವಿನಿಂದ ಅಂಚಿಗೆ ಎಳೆದ ಬಿಗಿಯಾದ ಎಳೆಗಳು, ಆಮೇಲೆ ಅವುಗಳ ಮೇಲೆ ಸುತ್ತು ಸುತ್ತಾಗಿ ಹಾಯುವ ಎಳೆ. ಮಗ್ಗದವರ ಮಾತಿನಲ್ಲಿ ಹೇಳುವುದಾದರೆ ಹಾಸು ಮತ್ತು ಹೊಕ್ಕು. ಹಾಸಿನ ಎಳೆ ಅಂಟುವುದಿಲ್ಲ, ಹುಳು ಓಡಾಡುವುದು ಅದರ ಮೇಲೆ. ಸುತ್ತಿನ ಎಳೆ ಅಂಟಿನದು, ನೊಣ ಸಿಕ್ಕಿಬೀಳುವುದು ಅದರಲ್ಲಿ. ಹಾಗೆಂದು ಎಲ್ಲ ಜೇಡಗಳೂ ನೇಕಾರರಲ್ಲ. ಜಗತ್ತಿನಲ್ಲಿ ಗುರುತಿಸಿರುವ ಜೇಡಗಳ ಜಾತಿಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಅವುಗಳಲ್ಲಿ ಬಲೆ ಕಟ್ಟದೆ ಹಾರಿ, ಅಟ್ಟಿಸಿಕೊಂಡು ಬೇಟೆಯಾಡುವವು ಎಷ್ಟೋ ಇವೆ. ಕಿಟಕಿಯ ಮೇಲೆ ನೊಣಕ್ಕೆ ಹೊಂಚು ಹಾಕಿ ಚಂಗನೆ ನೆಗೆಯುವ ಪುಟ್ಟ ಜೇಡಕ್ಕೆ ‘ಬೇಡ’ ಎಂಬ ಹೆಸರೇ ಸರಿಹೋಗುತ್ತಿತ್ತು. ಇನ್ನೊಂದು ವಿಷಯ, ದೊಡ್ಡ ಬಲೆಯ ನಡುವೆ ಕುಳಿತಿರುವುದು ಬಹುಪಾಲು ಹೆಣ್ಣು. ಬೆಳೆದ ಗಂಡು ಬಲೆ ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ಹೊರಡುತ್ತದೆ. ತೆಲುಗಿನ ಪುಲ್ಲಿಂಗ ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ನಪಾಸು.

ಈ ವಿಷಯದಲ್ಲಿ ಗ್ರೀಕರು ಸರಿಯಾಗಿ ಊಹಿಸಿದ್ದರು. ಅವರ ಪುರಾಣದ ಅರಾಕ್ನೆ ಲಿಡಿಯಾ ನಾಡಿನ ನೇಯ್ಗೆಯ ಹುಡುಗಿ. ನೇಯ್ಗೆಯ ಅಧಿದೇವತೆಯಾದ ಅಥೀನಾಳಿಗೇ ಪಂದ್ಯ ಒಡ್ಡಿದಳು. ರೋಮನ್ ಕವಿ ಆವಿಡ್ ಹೇಳುವ ಪ್ರಕಾರ ಅವಳ ನೇಯ್ಗೆಯಲ್ಲಿ ದೇವತೆಗೂ ತಪ್ಪು ಹುಡುಕಲಾಗಲಿಲ್ಲ. ಕೋಪಗೊಂಡ ದೇವತೆ ಬಟ್ಟೆ ಹರಿದು ಹುಡುಗಿಯನ್ನು ಹೊಡೆದಳು. ನೇಣು ಹಾಕಿಕೊಳ್ಳಹೊರಟ ಅವಳನ್ನು ಜೇಡವನ್ನಾಗಿ ಮಾಡಿದಳು. ವಿಜ್ಞಾನಿಗಳು ಜೇಡ, ಚೇಳುಗಳ ವರ್ಗಕ್ಕೆ ಇಟ್ಟಿರುವ ಹೆಸರಿನಲ್ಲಿ ಈ ಹುಡುಗಿ ಇನ್ನೂ ಬದುಕಿದ್ದಾಳೆ. ಇಂಗ್ಲಿಷಿನ ‘ಸ್ಪೈಡರ್’ ಎಂದರೆ ನೂಲುವವನು, ನೇಯುವವನಲ್ಲ. ಜರ್ಮನರ ‘ಸ್ಪಿನ್ನೆ’ಯೂ ಅದೇ.

ಎಲ್ಲರೂ ಈ ಜೀವಿಯ ಕೈಚಳಕವನ್ನೇ ನೋಡಿದರೆಂದು ತಿಳಿಯಬೇಕಿಲ್ಲ. ಭಯದಿಂದ ಹುಟ್ಟಿದ ಹೆಸರುಗಳೂ ಉಂಟು. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ವಿಷದ ಗಡ್ಡೆ ಎಂಬಂಥ ಅರ್ಥದ ‘ಆಟರ್‌ಕಾಪ್’ ಎಂಬ ಹೆಸರಿತ್ತು. ಅದರ ಬಾಲವೇ ‘ಕಾಬ್‌ವೆಬ್’ನ ‘ಕಾಬ್’ನಲ್ಲಿ ಉಳಿದಿದೆ. ಸಂಸ್ಕೃತದ ಲೂತಾ ಎಂಬುದು ಒಂದು ಬಗೆಯ ಚರ್ಮರೋಗದ ಹೆಸರೂ ಹೌದು. ಸುಶ್ರುತಸಂಹಿತೆಯ ಕಲ್ಪಸ್ಥಾನ ಹದಿನಾರು ಬಗೆಯ ಲೂತೆಗಳನ್ನು ಎಣಿಸಿ, ಹೆಸರಿಗೆ ಒಂದು ಕತೆಯನ್ನೂ ಹೇಳುತ್ತದೆ. ವಿಶ್ವಾಮಿತ್ರ ಕೆಣಕಿದಾಗ ವಸಿಷ್ಠನ ಹಣೆಯ ಬೆವರು ಹಸುವಿಗೆಂದು ಕೊಯ್ದಿಟ್ಟ ಹುಲ್ಲಿನ ಮೇಲೆ ಬಿತ್ತಂತೆ. ‘ಲೂನ’ ಅಂದರೆ ಕತ್ತರಿಸಿದ ಹುಲ್ಲಿನಿಂದ ಹುಟ್ಟಿದ್ದರಿಂದ ‘ಲೂತಾ’. ಜೇಡ ಮೈಮೇಲೆ ಹರಿದರೆ ಗುಳ್ಳೆ ಏಳುತ್ತವೆಂಬ ಮಾತು ಕರ್ನಾಟಕದ ಹಳ್ಳಿಗಳಲ್ಲಿ ಈಗಲೂ ಕೇಳಿಬರುತ್ತದೆ. ರಾತ್ರಿ ದೀಪಕ್ಕೆ ಬರುವ ಒಂದು ಜಾತಿಯ ಪುಟ್ಟ ಜೀರುಂಡೆ ಮೈಮೇಲೆ ಜಜ್ಜಿಹೋದಾಗ ಏಳುವ ಬೊಬ್ಬೆಗಳಿಗೂ ಪಾಪ, ಜೇಡವೇ ಹೊಣೆಯಾಗುತ್ತದೆ.

ಕಾಳಹಸ್ತಿಯ ಕತೆ ಇದಕ್ಕೆ ತದ್ವಿರುದ್ಧ. ಶ್ರೀ ಎಂದರೆ ಜೇಡ, ಕಾಳ ಎಂದರೆ ಹಾವು, ಹಸ್ತಿ ಎಂದರೆ ಆನೆ, ಮೂವರೂ ಶಿವನನ್ನು ಪೂಜಿಸಿ ಮುಕ್ತಿ ಪಡೆದ ಸ್ಥಳ ಶ್ರೀಕಾಳಹಸ್ತಿ ಎಂಬುದು ಸ್ಥಳಪುರಾಣ. ಲಿಂಗದ ಮೇಲೆ ನೂಲಿನ ಗುಡಿ ಕಟ್ಟಿದ್ದು ಜೇಡದ ಸೇವೆ. ವಿಜಯನಗರದ ಕೃಷ್ಣದೇವರಾಯ 1516ರಲ್ಲಿ ಅಲ್ಲಿ ಕಟ್ಟಿಸಿದ ಕಲ್ಲುಗಾರೆಯ ಮಹಾಗೋಪುರ 2010ರ ಮೇ ತಿಂಗಳಲ್ಲಿ ಕುಸಿದುಬಿತ್ತು. ಆಮೇಲೆ ಹೊಸದನ್ನು ಕಟ್ಟಲಾಯಿತು. ಬೇಡರ ಕಣ್ಣಪ್ಪ ಶಿವನಿಗೆ ಕಣ್ಣು ಕೊಟ್ಟದ್ದೂ ಇದೇ ಕ್ಷೇತ್ರದಲ್ಲಿ. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದ ರಾಜಕುಮಾರ್ 1968ರಲ್ಲಿ ‘ಜೇಡರ ಬಲೆ’ಯ ಪತ್ತೇದಾರನಾದರು. ಎರಡೂ ಶೀರ್ಷಿಕೆಗಳಲ್ಲಿ ‘ಅರ’ ಇದೆ. ಮೊದಲನೆಯದರಲ್ಲಿ ಪ್ರೇಕ್ಷಕನಿಗೆ ಜನ ಕಂಡರು, ಎರಡನೆಯದರಲ್ಲಿ ಹುಳು ಮಾತ್ರ ಕಂಡಿತು.

ಜೇಡರವನೋ, ದೇವರವನೋ?

ಯಾದಗಿರಿ ಜಿಲ್ಲೆಯ ಮುದನೂರು ದಾಸಿಮಯ್ಯನ ಊರು. ಅಲ್ಲಿಯ ರಾಮನಾಥ ಆತನ ಇಷ್ಟದೈವ, ಆ ಹೆಸರೇ ವಚನಗಳ ಅಂಕಿತ. ಹೆಂಡತಿ ದುಗ್ಗಳೆ ಕೂಡ ವಚನ ಬರೆದವಳು. ಕಷ್ಟಪಟ್ಟು ನೇಯ್ದ ಬಟ್ಟೆಯನ್ನು ಮುದಿ ಜಂಗಮನ ವೇಷದಲ್ಲಿ ಬಂದ ಶಿವ ಬೇಡಿ ಪಡೆದು, ಕಣ್ಣೆದುರಿಗೇ ಹರಿದುಹಾಕಿದರೂ ದಂಪತಿಗಳು ಸಿಟ್ಟಾಗದೆ ಉಪಚರಿಸಿದರೆಂದೂ, ಮೆಚ್ಚಿದ ಶಿವ ಎಂದೂ ಮುಗಿಯದ ತವನಿಧಿಯನ್ನು ಕೊಟ್ಟನೆಂದೂ ಕತೆ ಇದೆ. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ರಾಣಿ ಸುಗ್ಗಲೆಗೆ ಗುರುವಾದವನು ದೇವರ ದಾಸಿಮಯ್ಯ ಎಂಬುದು ಇನ್ನೊಂದು ಪರಂಪರೆ. ಜಯಸಿಂಹ ಆಳಿದ್ದು ಹನ್ನೊಂದನೆಯ ಶತಮಾನದ ಮೊದಲ ಅರ್ಧದಲ್ಲಿ.

ಇಲ್ಲಿಂದ ಜಗಳ ಶುರು. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೇ, ‘ದೇವರ’ ಎಂಬುದು ಗೌರವದ ಹೆಸರು ಎನ್ನುವವರು ಒಂದು ಕಡೆ. ಒಬ್ಬ ಬಸವಣ್ಣನಿಗಿಂತ ಹಿಂದಿನವನು, ಇನ್ನೊಬ್ಬ ನಂತರದವನು ಅಥವಾ ಸಮಕಾಲೀನ, ಇಬ್ಬರನ್ನು ಒಂದು ಮಾಡಬಾರದು ಎನ್ನುವವರು ಇನ್ನೊಂದು ಕಡೆ. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದು ಪಂಡಿತರ ಕೊಠಡಿಗೆ ಸೀಮಿತವಾಗಿ ಉಳಿಯಲೂ ಇಲ್ಲ. ನೇಕಾರ ಸಮುದಾಯಗಳಿಗೆ ದಾಸಿಮಯ್ಯ ಕುಲಗುರುವಿನಂತೆ. ಕನ್ನಡದ ಮೊದಲ ವಚನಕಾರ ಮಗ್ಗದವನು ಎಂಬುದು ಅವರ ಹೆಮ್ಮೆ. ಇಬ್ಬರು ದಾಸಿಮಯ್ಯರಾದರೆ ಆ ಮೊದಲ ಸ್ಥಾನ ಮಗ್ಗದವನ ಕೈತಪ್ಪಬಹುದು. ಒಬ್ಬನೇ ಎಂದರೆ ಮಗ್ಗದವನ ಹೆಸರಿನ ಹಿಂದೆ ‘ಜೇಡರ’ ಎಂಬುದು ನಿಲ್ಲಬೇಕು. ಆ ಪದವನ್ನು ಕೇಳಿದೊಡನೆ ಈಗಿನವರ ಕಣ್ಣಮುಂದೆ ಬರುವುದು ಬೇರೆಯೇ ಚಿತ್ರ.

ಸಮುದಾಯಗಳು ಹಳೆಯ ಕಸುಬಿನ ಹೆಸರುಗಳನ್ನು ಬಿಟ್ಟು ಹೊಸ ಹೆಸರು ಹಿಡಿದದ್ದಕ್ಕೆ ಹಲವು ಕಾರಣಗಳಿವೆ. ಜೇಡ, ಜಾಡ ಎನಿಸಿಕೊಂಡಿದ್ದವರಲ್ಲಿ ದೊಡ್ಡ ಭಾಗ ದೇವಾಂಗ ಎಂಬ ಹೆಸರಿನಿಂದ ಗುರುತಿಸಿಕೊಂಡಿತು. ಹಳಗನ್ನಡದಲ್ಲಿ ದೇವಾಂಗವೆಂದರೆ ನಯವಾದ ಬೆಲೆಬಾಳುವ ವಸ್ತ್ರ. ಪುರಾಣದ ಪ್ರಕಾರ ದೇವಲ ಮಹರ್ಷಿ ದೇವತೆಗಳಿಗೂ ಮನುಷ್ಯರಿಗೂ ಮಾನ ಮುಚ್ಚಲು ಬಟ್ಟೆ ನೇಯಲೆಂದು ಹುಟ್ಟಿದವನು. ಅದಕ್ಕೆ ಬೇಕಾದ ನೂಲನ್ನು ಆತ ತಂದದ್ದು ವಿಷ್ಣುವಿನ ಹೊಕ್ಕುಳಿನ ಕಮಲದ ದಂಟಿನಿಂದ. ಅತ್ತ ಊರ್ಣನಾಭಿಯ ನೂಲಿಗೂ ಹೊಕ್ಕುಳು, ಇತ್ತ ದೇವಾಂಗರ ನೂಲಿಗೂ ಹೊಕ್ಕುಳು. ಒಂದು ಕತೆ ಇನ್ನೊಂದಕ್ಕೆ ಪ್ರೇರಣೆಯಾಯಿತೆಂದು ಹೇಳುವ ಆಧಾರವಿಲ್ಲದಿದ್ದರೂ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ.

ಜೇಡ ಪದ ನೇಕಾರರ ಕೈಬಿಟ್ಟದ್ದು ಒಂದು ದಿನದ ಕೆಲಸವಲ್ಲ. ಮಧ್ಯಯುಗದ ಶಾಸನಗಳಲ್ಲಿ ಮಗ್ಗದೆರೆ ಎಂಬ ತೆರಿಗೆ ಮತ್ತೆ ಮತ್ತೆ ಬರುತ್ತದೆ. ಮಗ್ಗ ಹೂಡಿದವರು ಅರಸನ, ದೇಗುಲದ ಖಜಾನೆಗೆ ದುಡ್ಡು ತುಂಬುತ್ತಿದ್ದ, ಲೆಕ್ಕಕ್ಕೆ ಸಿಗುವ ಜನರಾಗಿದ್ದರು. ಕಾಲ ಕಳೆದಂತೆ ಕುರುಹಿನಶೆಟ್ಟಿ, ತೊಗಟ, ಹಟಗಾರ, ಬಿಳಿಮಗ್ಗ, ಪದ್ಮಸಾಲಿ, ದೇವಾಂಗ ಎಂದು ಪಂಗಡವಾರು ಹೆಸರುಗಳು ಬಲಗೊಂಡವು. ಎಲ್ಲರನ್ನೂ ಒಟ್ಟಾಗಿ ಕರೆಯಲು ‘ನೇಯ್’ ಧಾತುವಿನಿಂದ ಬಂದ ‘ನೇಕಾರ’ ಎಂಬ ಪದ ಸಿಕ್ಕಿತು. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಮೊಳಕಾಲ್ಮೂರು, ದೊಡ್ಡಬಳ್ಳಾಪುರ ಎಲ್ಲಿಗೆ ಹೋದರೂ ಸಂಘದ ಫಲಕದ ಮೇಲೆ ಕಾಣುವುದು ಈ ಪದವೇ. ಕೆಲಸ ತಪ್ಪಿದ ‘ಜೇಡ’ಕ್ಕೆ ಉಳಿದದ್ದು ಹುಳು ಒಂದೇ.

ಇದೇ ಧ್ವನಿಯ ಬೇರೆ ಪದಗಳೂ ಗೊಂದಲಕ್ಕೆ ಕಾರಣ. ಹಂಚು, ಮಡಕೆಗೆ ಬಳಸುವ ಜೇಡಿಮಣ್ಣಿಗೂ ಜೇಡನಿಗೂ ನಂಟಿಲ್ಲ. ನಿಘಂಟುಗಳು ‘ಜೇಡಿ’ಯನ್ನು ಬೇರೆಯಾಗಿಯೇ ಕೊಡುತ್ತವೆ. ಜಾಡಮಾಲಿ ಎಂಬುದರಲ್ಲಿನ ‘ಜಾಡ’ ಪೊರಕೆ ಎಂಬ ಅರ್ಥದ ಉತ್ತರದ ‘ಝಾಡು’ವಿನಿಂದ ಬಂದದ್ದು. ನೇಕಾರ ಜಾಡರಿಗೂ ಅದಕ್ಕೂ ಸಂಬಂಧ ಕಟ್ಟುವುದು ಸರಿಯಲ್ಲ.

‘ಜೇಡರ’ ಎಂಬ ಬಹುವಚನವನ್ನು ಅಕ್ಷರಶಃ ನಿಜ ಮಾಡುವ ಜೇಡಗಳೂ ದಕ್ಷಿಣ ಭಾರತದ ಒಣ ಬಯಲಿನಲ್ಲಿವೆ ಎಂಬುದನ್ನು ಇಲ್ಲಿ ಹೇಳಬಹುದು. ಮುಳ್ಳುಕಂಟಿಗಳ ಮೇಲೆ ಕೊಳಕು ಹತ್ತಿಯ ಮುದ್ದೆಯಂತೆ ಕಾಣುವ ಗೂಡು, ಅದರಿಂದ ಸುತ್ತಲೂ ಹರಡಿದ ಬಲೆ. ಒಳಗೆ ಒಂದಲ್ಲ ಎರಡಲ್ಲ, ಹತ್ತಾರು, ಕೆಲವೊಮ್ಮೆ ನೂರಾರು ಜೇಡಗಳು. ಎಲ್ಲವೂ ಸೇರಿ ಒಂದೇ ಬಲೆ ನೇಯ್ದು, ಸಿಕ್ಕ ಬೇಟೆಯನ್ನು ಒಟ್ಟಾಗಿ ತಿನ್ನುತ್ತವೆ. ಜೇಡಗಳ ಲೋಕದಲ್ಲಿ ಇಂಥ ಒಕ್ಕಲು ಬಹಳ ಅಪರೂಪ.

ಮನೆಮಾತಿನಲ್ಲಿ ಪದದ ಪಯಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ‘ಮೂಲೆಯಲ್ಲಿ ಜೇಡ ಕಟ್ಟಿದೆ, ಹೊಡಿ’ ಎಂದು ಹೇಳುವಾಗ ಹೇಳುವವರ ಮನಸ್ಸಿನಲ್ಲಿ ಹುಳುವೂ ಇರುವುದಿಲ್ಲ. ಇರುವುದು ದೂಳು ಹಿಡಿದ ನೂಲು. ನೇಕಾರನಿಂದ ಹುಳುವಿಗೆ, ಹುಳುವಿನಿಂದ ಅದರ ಬಲೆಗೆ, ಬಲೆಯಿಂದ ಕಸಕ್ಕೆ ಪದ ಇಳಿದಿದೆ. ವಚನಗಳ ಸಂಪುಟಗಳು ಮಾತ್ರ ಕವಿಯನ್ನು ಜೇಡರ ದಾಸಿಮಯ್ಯ ಎಂದೇ ಕರೆಯುತ್ತವೆ. ಸರ್ಕಾರ ಆಚರಿಸುವ ಜಯಂತಿಯ ಹೆಸರು ದೇವರ ದಾಸಿಮಯ್ಯ ಜಯಂತಿ. ಅದು ಬರುವುದು ಚೈತ್ರ ಶುದ್ಧ ಪಂಚಮಿಯಂದು, ಯುಗಾದಿಗೆಂದು ಮನೆಮನೆಯಲ್ಲಿ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಜೇಡ ಹೊಡೆದು ಮುಗಿಸಿದ ನಾಲ್ಕೈದು ದಿನಗಳಿಗೆ.